ಮನೆಯ ಪುಟ್ಟ ವೈಯಾಕರಣಿ

ಮನೆಯಲ್ಲಿ ಎರಡೂವರೆ ವರ್ಷದ ಮಗುವಿದ್ದರೆ ಆ ಮನೆಯ ಯಜಮಾನರು ಯಾರೆಂದು ವಿಚಾರಿಸಬೇಕಾಗಿಲ್ಲ. ಮನೆಪಟ್ಟಿಯ ರಸೀತಿಯಲ್ಲಿ ತಂದೆಯ ಹೆಸರಿರಬಹುದು. ಆದರೆ ಊಟ ಎಷ್ಟು ಹೊತ್ತಿಗೆ, ದೀಪ ಆರುವುದು ಯಾವಾಗ, ಬಂದ ನೆಂಟರು ಯಾವ ಕುರ್ಚಿಯಲ್ಲಿ ಕೂಡಬೇಕು ಎಂಬುದೆಲ್ಲ ತೀರ್ಮಾನವಾಗುವುದು ಮಗುವಿನ ದರಬಾರಿನಲ್ಲಿಯೇ.

ಶಿರಸಿಯ ಪೇಟೆಯಲ್ಲಿ ಅಂಥದೊಂದು ಮನೆ. ತಂದೆಗೆ ಬ್ಯಾಂಕಿನಲ್ಲಿ ನೌಕರಿ. ಮೂಲಮನೆ ಸಿದ್ದಾಪುರ ತಾಲೂಕಿನ ಅಡಿಕೆ ತೋಟದ ಅಂಚಿನಲ್ಲಿ. ತಾಯಿಯ ತವರು ಯಲ್ಲಾಪುರ. ಮಗನಿಗೆ ನಾಮಕರಣದ ದಿನ ಉದ್ದನೆಯ ಸಂಸ್ಕೃತ ಹೆಸರೊಂದನ್ನು ಇಟ್ಟದ್ದುಂಟು. ಆದರೆ ಅದು ಜಾತಕದಲ್ಲಿಯೇ ಉಳಿದು, ಈ ಸೀಮೆಯ ರೂಢಿಯಂತೆ ಅವನು ಎಲ್ಲರ ಬಾಯಲ್ಲಿಯೂ ‘ಅಪ್ಪಿ’ಯಾಗಿದ್ದಾನೆ.

ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯಿಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಬೀದಿಗಿಳಿಯುತ್ತದೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ, ತಮಟೆಯ ಬಡಿತಕ್ಕೆ ಕುಣಿದು ಮೇಲೇರಿ ಬರುವ ಬೇಡನನ್ನು ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಹಿಂದಕ್ಕೆಳೆಯುವ ಜನ. ಅಪ್ಪಿ ಈ ವೈಭವವನ್ನೆಲ್ಲ ತಂದೆಯ ಹೆಗಲಿನಲ್ಲಿ ಮುಖ ಹುದುಗಿಸಿಕೊಂಡೇ ನೋಡಿದ. ಮರುದಿನ ಯಾರೋ ಛೇಡಿಸಿದಾಗ ‘ಬೇಡಂಗೆ ಹೆದ್ರಿಕೆ ಆತು’ ಎಂದು ಸಮಾಧಾನವಾಗಿ ಹೇಳಿದ. ಅಷ್ಟೇ ಅಲ್ಲ, ಕಸಬರಿಗೆಯನ್ನು ಬೆನ್ನಿಗೇರಿಸಿ, ಸಟ್ಟುಗವನ್ನು ಹಿರಿದು, ಆಯಿಯ ಸೀರೆಯನ್ನು ಸೊಂಟಕ್ಕೆ ಸುತ್ತಿಸಿಕೊಂಡು, ಅದರ ತುದಿಯನ್ನು ತಂದೆಯ ಕೈಗಿತ್ತ. ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಾಗಿತ್ತು. ಆದರೇನು? ಹಗ್ಗ ಬಿಟ್ಟರೆ ಬೇಡ ಊರನ್ನೇ ಕಡಿದು ಹಾಕಿಯಾನು! ತಂದೆ ಆ ದಿನ ಅರ್ಧ ಗಂಟೆ ತಡವಾಗಿ ಹೋದರು. ಕಾರಣವನ್ನು ಮಾತ್ರ ಮೇಲಧಿಕಾರಿಗೆ ತಿಳಿಸಲಿಲ್ಲ.

ಸಿದ್ದಾಪುರದ ತೋಟದ ಮನೆಗೆ ಹೋದರೆ ಬೇಡ ಒಮ್ಮೆಲೆ ಗೃಹಸ್ಥನಾಗುತ್ತಾನೆ. ಈ ಮೂರೂ ತಾಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಿಂದ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಅಪ್ಪಿಯ ದೃಷ್ಟಿಯಲ್ಲಿ ಅಡಿಕೆ ಹುಟ್ಟಿರುವುದು ಎಣಿಸುವುದಕ್ಕೆ: ಒಂದು, ಎರಡು, ಏಳು, ಹತ್ತು. ಅಜ್ಜನ ಕವಳವನ್ನು ಕಂಡು ದಾಸವಾಳದ ಎಲೆಯನ್ನು ಮಡಿಸಿ ಬಾಯಿಗಿಟ್ಟು, ಅಂಗಳದ ಅಂಚಿಗೆ ನಡೆದು, ಗಂಭೀರವಾಗಿ ಉಗುಳಿ ಬರುತ್ತಾನೆ. ಮನೆಗೆ ಬಂದವರನ್ನು ಮೊದಲು ‘ಆಸರಿಗೆ ಬೇಕಾ?’ ಎಂದು ಕೇಳುವುದು ಇಲ್ಲಿಯ ಉಪಚಾರ. ದಣಿದು ಬಂದವರಿಗೆ ಕುಡಿಯಲು ಏನು ಕೊಡಲಿ ಎಂದು ಅರ್ಥ. ಒಂದು ಮಧ್ಯಾಹ್ನ ದೊಡ್ಡವರು ಒಳಗಿದ್ದಾಗ ಈ ಉಪಚಾರವನ್ನು ಅಪ್ಪಿಯೇ ವಹಿಸಿಕೊಂಡ. ನೆಂಟರು ನಗುತ್ತ ‘ಅಡ್ಡಿಲ್ಲೆ’ ಎಂದರು. ನೀರು ಬಂದಿತು, ಬೆಕ್ಕಿನ ಬಟ್ಟಲಿನಲ್ಲಿ! ಆತಿಥ್ಯದಲ್ಲಿ ಲೋಪವೇನೂ ಇರಲಿಲ್ಲ. ಅವನ ಕೈಗೆ ಎಟುಕುವ ಪಾತ್ರೆ ಅದೊಂದೇ ಆಗಿತ್ತು.

ಯಲ್ಲಾಪುರದಲ್ಲಿ ಅವನ ವಿನೋದವೇ ಬೇರೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಹೆದ್ದಾರಿ ಆ ಊರಿನ ಮೂಲಕವೇ ಹಾಯುತ್ತದೆ. ಅಪ್ಪಿ ತಾಯಿಯ ತಂದೆಯ ತೊಡೆಯೇರಿ ಕುಳಿತು ಪ್ರತಿಯೊಂದು ವಾಹನಕ್ಕೂ ‘ಲಾಲಿ! ಲಾಲಿ!’ ಎಂದು ಕೂಗುತ್ತಾನೆ. ನಾಲಗೆಗೆ ‘ರ’ಕಾರ ಇನ್ನೂ ಒಲಿದಿಲ್ಲ. ಅಜ್ಜ ತಮಾಷೆಗೆ ‘ಹೌದಾ, ಲಾಲಿಯಾ?’ ಎಂದರೆ ಅವನಿಗೆ ಎಲ್ಲಿಲ್ಲದ ಕೋಪ. ‘ಲಾಲಿ ಅಲ್ಲ, ಲಾಲಿ!’

ನಗು ಬರುವ ಮಾತೇ ಹೌದು. ಆದರೆ ಪಂಡಿತರು ಇಂಥದನ್ನು ಬರೆದಿಟ್ಟಿದ್ದಾರೆ. ಅಮೆರಿಕದ ಜೀನ್ ಬರ್ಕೋ ಮತ್ತು ರೋಜರ್ ಬ್ರೌನ್ ಎಂಬ ವಿದ್ವಾಂಸರು 1960ರಲ್ಲಿ ಒಂದು ಮಗುವಿನ ಸಂಗತಿಯನ್ನು ಹೇಳಿದರು. ತನ್ನ ಆಟಿಕೆಯ ಮೀನನ್ನು ‘ಫಿಶ್’ ಎನ್ನಲಾರದೆ ‘ಫಿಸ್’ ಎನ್ನುತ್ತಿದ್ದ ಆ ಮಗು, ದೊಡ್ಡವರು ‘ಫಿಸ್’ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. ಅಂದರೆ ಮಗುವಿನ ಕಿವಿ ಸರಿಯಾದ ಶಬ್ದವನ್ನು ಆಗಲೇ ಅರಿತಿರುತ್ತದೆ. ನಾಲಗೆ ಮಾತ್ರ ಹಿಂದೆ ನಿಧಾನವಾಗಿ ನಡೆದು ಬರುತ್ತಿರುತ್ತದೆ.

ಅಪ್ಪಿಯ ವ್ಯಾಕರಣವಂತೂ ಇನ್ನೂ ಸ್ವಾರಸ್ಯದ್ದು. ಮನೆಯವರು ‘ನೋಡ್ದಿ’, ‘ಮಾಡ್ದಿ’ ಎನ್ನುವುದನ್ನು ಕೇಳಿದ ಅವನು, ಬಿಸ್ಕತ್ತನ್ನು ನಾಯಿಗೆ ಹಾಕಿ ಬಂದು ‘ಕೊಡ್ದಿ’ ಎಂದ. ‘ಕೊಟ್ಟಿ’ ಎನ್ನಬೇಕಿತ್ತು, ನಿಜ. ಆದರೆ ‘ಕೊಡ್ದಿ’ ಎಂಬ ಮಾತು ಆ ಮನೆಯಲ್ಲಿ ಹಿಂದೆಂದೂ ಹುಟ್ಟಿದ್ದಿಲ್ಲ. ಯಾರನ್ನೂ ಅನುಕರಿಸಿ ಅವನು ಅದನ್ನು ಕಲಿತದ್ದಲ್ಲ. ನಾಲ್ಕಾರು ಕ್ರಿಯಾಪದಗಳನ್ನು ಕೇಳಿ ತಾನೇ ಒಂದು ಸೂತ್ರವನ್ನು ಕಟ್ಟಿ, ಐದನೆಯದಕ್ಕೂ ಅದನ್ನು ಅನ್ವಯಿಸಿದ್ದ. 13ನೆಯ ಶತಮಾನದಲ್ಲಿ ಕೇಶಿರಾಜ ಕಂದಪದ್ಯಗಳಲ್ಲಿ ಕನ್ನಡದ ಸೂತ್ರಗಳನ್ನು ಬರೆದ. ಈ ವೈಯಾಕರಣಿ ಅಡಿಗೆಮನೆಯ ನೆಲದ ಮೇಲೆ ಚಡ್ಡಿಯಿಲ್ಲದೆ ಕುಳಿತು ರಚಿಸುತ್ತಿದ್ದಾನೆ, ಅಷ್ಟೇ ವ್ಯತ್ಯಾಸ. ತಪ್ಪೆಂದು ನಾವು ತಿದ್ದಲು ಹೊರಡುವುದು ಎಷ್ಟೋ ಸಲ ಮಗು ಬುದ್ಧಿಯನ್ನು ಓಡಿಸಿದುದರ ಗುರುತೇ ಆಗಿರುತ್ತದೆ.

ಮೂರು ತುಂಬಿದ ಮೇಲೆ ಅವನನ್ನು ಶಿಶುವಿಹಾರಕ್ಕೆ ಸೇರಿಸಿದರು. ಈ ಭಾಗದ ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೆ ನಪುಂಸಕಲಿಂಗದ ಪ್ರಯೋಗ: ‘ಆಯಿ ಬಂತು’, ‘ಅಮ್ಮಮ್ಮ ಬಂತು’. ಅದೇ ಧಾಟಿಯಲ್ಲಿ ಅಪ್ಪಿ ಬಾಗಿಲ ಬಳಿ ನಿಂತು ‘ಟೀಚರ್ ಬಂತು!’ ಎಂದು ಸಾರಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಅಂದಿನಿಂದ ಎರಡು ದಿನ ಆ ದರಬಾರಿನಲ್ಲಿ ಮಾತಿಲ್ಲ. ಏನು ಕೇಳಿದರೂ ತಲೆಯಾಡಿಸುವಿಕೆಯೊಂದೇ ಉತ್ತರ.

ತಂದೆ ಗಾಬರಿಯಾದರು. ಇನ್ನು ಮನೆಯಲ್ಲಿಯೂ ಪುಸ್ತಕದ ಭಾಷೆಯನ್ನೇ ಆಡತಕ್ಕದ್ದೆಂದು ಶಾಸನ ಹೊರಡಿಸಿದರು. ಅದನ್ನು ಮುರಿದವರು ಅಜ್ಜಿ. ಎಪ್ಪತ್ತು ವರ್ಷ ‘ಬಂತು’ ಎನ್ನಿಸಿಕೊಂಡೇ ಬಾಳಿದರೂ ತಮ್ಮ ಮರ್ಯಾದೆಗೆ ಯಾವ ಕುಂದೂ ಬಂದಿಲ್ಲ, ಆದರೆ ಮೊಮ್ಮಗನ ಬಾಯಿ ಕಟ್ಟಿದರೆ ಮನೆಯ ಬಾಯೇ ಕಟ್ಟಿದಂತೆ ಎಂದು ಅವರು ವಾದಿಸಿದರು. ಅಜ್ಜಿಯ ಮಾತಿನಲ್ಲಿ ತಥ್ಯವಿತ್ತು. ಮನೆಮಾತಿಗೆ ನಾಚಿಕೊಂಡ ಮಗು ಮೊದಲು ಮರೆಯುವುದು ಅಜ್ಜ-ಅಜ್ಜಿಯರೊಡನೆ ಹರಟುವುದನ್ನು. ದುಡಿಯುವ ಮಕ್ಕಳೆಲ್ಲ ಬೆಂಗಳೂರು ಸೇರಿ, ಮುದುಕರಿಬ್ಬರೇ ಉಳಿದಿರುವ ತೋಟದ ಮನೆಗಳು ಈ ತಾಲೂಕುಗಳಲ್ಲಿ ಹಲವಿವೆ. ಅಲ್ಲಿ ವಾರಕ್ಕೊಮ್ಮೆ ಫೋನಿನಲ್ಲಿ ಕೇಳಿಬರುವ ಆ ಹರಟೆಯ ಬೆಲೆಯನ್ನು ಯಾವ ಪೇಟೆಯ ಧಾರಣೆಯಿಂದಲೂ ಅಳೆಯಲಾಗದು.

ಶಾಸನ ರದ್ದಾಯಿತು. ಯಾರೂ ತಿದ್ದಲಿಲ್ಲ, ಯಾರೂ ನಗಲಿಲ್ಲ. ನುಡಿ ತಾನಾಗಿ ಮರಳಿತು. ತಿಂಗಳೊಪ್ಪತ್ತಿನಲ್ಲಿ ಒಂದು ಸಂಜೆ ಆ ಉಪಾಧ್ಯಾಯಿನಿ ಬೀದಿಯಲ್ಲಿ ಹಾದುಹೋಗುವುದನ್ನು ಕಂಡು ಅಜ್ಜಿ ‘ಅಪ್ಪೀ, ನಿನ್ನ ಟೀಚರ್ ಬಂತು ನೋಡು’ ಎಂದರು. ಅಪ್ಪಿ ಹಿರಿಯರನ್ನು ತಿದ್ದುವ ಗಾಂಭೀರ್ಯದಿಂದ ಹೇಳಿದ: ‘ಟೀಚರ್ ಬಂದ್ರು. ಅಮ್ಮಮ್ಮ ಬಂತು.’

ಎರಡು ನುಡಿಗಳ ನಡುವಣ ಗಡಿಯನ್ನು ಅವನು ಹೀಗೆ ಗುರುತಿಸಿಕೊಂಡಿದ್ದ. ‘ಕೊಡ್ದಿ’ ಕೂಡ ಯಾವಾಗಲೋ ಸದ್ದಿಲ್ಲದೆ ‘ಕೊಟ್ಟಿ’ ಆಯಿತು. ಅದನ್ನು ಮೊದಲು ಗಮನಿಸಿದ ತಾಯಿ ಆ ದಿನ ಹಿಗ್ಗಲಿಲ್ಲ. ಯಾವುದೋ ನೆಂಟರನ್ನು ಬಸ್ಸಿಗೆ ಹತ್ತಿಸಿ ಬಂದವರಂತೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಈಗ ಯಲ್ಲಾಪುರದ ಅಜ್ಜ ಫೋನಿನಲ್ಲಿ ‘ಇವತ್ತು ಎಷ್ಟು ಲಾಲಿ ಕಂಡೆ?’ ಎಂದು ಹಳೆಯ ಅಭ್ಯಾಸದಂತೆ ಕೇಳುತ್ತಾರೆ. ಅಪ್ಪಿ ಅವರಿಗೆ ತಾಳ್ಮೆಯಿಂದ ಪಾಠ ಹೇಳುತ್ತಾನೆ: ‘ಲಾಲಿ ಅಲ್ಲ ಅಜ್ಜಾ, ಲಾರಿ!’

ಅಜ್ಜನಿಗೆ ಮಾತ್ರ ಇನ್ನೂ ‘ರ’ಕಾರ ಬರುತ್ತಿಲ್ಲ.