ಕೋಣೆಯ ಲೆಕ್ಕವೂ ಜನಮತದ ಲೆಕ್ಕವೂ

ಬ್ರಿಟನ್ನಿನಲ್ಲಿ 2013ನೆಯ ಇಸವಿ ಏಪ್ರಿಲ್ 1ನೆಯ ತಾರೀಖಿನಿಂದ ಜಾರಿಗೆ ಬಂದ ಒಂದು ನಿಬಂಧನೆಯನ್ನು ಆ ದೇಶದ ಜನರು ಒಪ್ಪುವರೋ ಒಪ್ಪರೋ ಎಂಬ ಪ್ರಶ್ನೆಯು ಅಂದಿನಿಂದಲೂ ಚರ್ಚೆಗೆ ಗುರಿಯಾಗಿದೆ. ಪೌರಾಡಳಿತ ಸಂಸ್ಥೆಗಳೂ ವಸತಿ ಸಂಘಗಳೂ ಕಡಿಮೆ ಬಾಡಿಗೆಗೆ ಕೊಟ್ಟಿರುವ ಮನೆಗಳಲ್ಲಿ ವಾಸಿಸುತ್ತ, ಆ ಬಾಡಿಗೆಯನ್ನು ತೆರಲು ಸರ್ಕಾರದ ಸಹಾಯಧನವನ್ನು ಅವಲಂಬಿಸಿರುವ ಸಂಸಾರಗಳಿಗೆ ಸಂಬಂಧಪಟ್ಟದ್ದು ಈ ನಿಬಂಧನೆ. ಇಂಥ ಮನೆಯಲ್ಲಿ ಅವಶ್ಯಕತೆಗಿಂತ ಒಂದು ಮಲಗುವ ಕೋಣೆ ಹೆಚ್ಚಾಗಿದ್ದರೆ ಸಹಾಯಕ್ಕೆ ಅರ್ಹವಾದ ಬಾಡಿಗೆಯಲ್ಲಿ ನೂರಕ್ಕೆ 14 ಪಾಲನ್ನೂ, ಎರಡು ಅಥವಾ ಅದಕ್ಕೆ ಮೇಲ್ಪಟ್ಟು ಕೋಣೆಗಳು ಹೆಚ್ಚಾಗಿದ್ದರೆ ನೂರಕ್ಕೆ 25 ಪಾಲನ್ನೂ ಕಡಿತ ಮಾಡತಕ್ಕದ್ದೆಂದು 2012ರ ಕಲ್ಯಾಣ ಸುಧಾರಣಾ ಶಾಸನದ ಆಧಾರದಿಂದ ವಿಧಿಸಲಾಯಿತು. ವಾರಕ್ಕೆ 80 ಪೌಂಡು ಬಾಡಿಗೆಯ ಮನೆಯೆಂದು ಇಟ್ಟುಕೊಂಡರೆ, ಒಂದು ಕೋಣೆಗಾಗಿ 11 ಪೌಂಡಿಗೆ ಮೇಲ್ಪಟ್ಟೂ, ಎರಡು ಕೋಣೆಗಳಿಗಾಗಿ 20 ಪೌಂಡೂ ಪ್ರತಿ ವಾರ ಖೋತಾ ಆಗುತ್ತದೆ. ಸುಮಾರು 6,60,000 ಸಂಸಾರಗಳಿಗೆ ಇದು ತಟ್ಟುವುದೆಂದೂ, ಸರಾಸರಿ ನಷ್ಟವು ವಾರಕ್ಕೆ 14 ಪೌಂಡು ಆಗುವುದೆಂದೂ ಸರ್ಕಾರದವರೇ ಮುಂಚಿತವಾಗಿ ಅಂದಾಜು ಮಾಡಿದ್ದರು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸಂಸಾರಗಳಲ್ಲಿ ಅಂಗವಿಕಲರಿದ್ದರೆಂಬುದೂ ಅದೇ ಅಂದಾಜಿನಿಂದ ತಿಳಿದುಬಂದಿತ್ತು.

ಯಾರಿಗೆ ಎಷ್ಟು ಕೋಣೆ ಅವಶ್ಯಕವೆಂಬುದನ್ನು ಶಾಸನವೇ ಗೊತ್ತುಮಾಡಿತು. ದಂಪತಿಗಳಿಗೆ ಒಂದು, 16 ವರ್ಷ ತುಂಬಿದ ಪ್ರತಿಯೊಬ್ಬರಿಗೆ ಒಂದು, 16 ವರ್ಷದೊಳಗಿನ ಇಬ್ಬರು ಗಂಡುಮಕ್ಕಳಿಗೆ ಅಥವಾ ಇಬ್ಬರು ಹೆಣ್ಣುಮಕ್ಕಳಿಗೆ ಸೇರಿ ಒಂದು, 10 ವರ್ಷದೊಳಗಿನವರಾದರೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಇಬ್ಬರಿಗೆ ಒಂದು. ಮಿಕ್ಕದ್ದೆಲ್ಲವೂ ಹೆಚ್ಚಿನ ಕೋಣೆ. ಸರ್ಕಾರದವರು ಈ ಕ್ರಮಕ್ಕೆ 'ಹೆಚ್ಚಿನ ಕೋಣೆಯ ಸಹಾಯಧನದ ರದ್ದಿಯಾತಿ' ಎಂದು ಹೆಸರಿಟ್ಟರು. ವಿರೋಧಿಗಳು 'ಬೆಡ್‌ರೂಂ ಟ್ಯಾಕ್ಸ್', ಎಂದರೆ ಮಲಗುವ ಕೋಣೆಯ ತೆರಿಗೆ, ಎಂದು ಕರೆದರು. ಬಾಯಲ್ಲಿ ನಿಂತದ್ದು ಎರಡನೆಯ ಹೆಸರು. ವಸ್ತುತಃ ಇದು ತೆರಿಗೆಯಲ್ಲ, ಕಡಿತ. ಆದರೆ ಕೈಯಿಂದ ಹಣ ಕಳೆದುಕೊಳ್ಳುವವನಿಗೆ ಈ ವ್ಯಾಕರಣದಿಂದ ಸಮಾಧಾನವಾಗುವುದಿಲ್ಲ.

ಸರ್ಕಾರದ ಪಕ್ಷದಲ್ಲಿ ಹೇಳತಕ್ಕ ಮಾತು ಏನೂ ಇರಲಿಲ್ಲವೆಂದು ನಾವು ಹೇಳುವವರಲ್ಲ. ಆ ಕಾಲದಲ್ಲಿ ಬಾಡಿಗೆ ಸಹಾಯಧನದ ವೆಚ್ಚವು ವರ್ಷಕ್ಕೆ ಸುಮಾರು 2,400 ಕೋಟಿ ಪೌಂಡುಗಳಿಗೆ ಏರಿತ್ತು. ಇಂಗ್ಲೆಂಡಿನಲ್ಲಿ 18 ಲಕ್ಷಕ್ಕೆ ಮೇಲ್ಪಟ್ಟ ಸಂಸಾರಗಳು ಇಂಥ ಮನೆಗಾಗಿ ಹೆಸರು ಬರೆಸಿ ಕಾದಿದ್ದುವು. ಒಂದೆಡೆ ಕೋಣೆಗಳು ಬರಿದಾಗಿರುವಾಗ ಇನ್ನೊಂದೆಡೆ ಮಕ್ಕಳು ಒತ್ತರಿಸಿಕೊಂಡು ಮಲಗಬೇಕೆ, ಎಂದು ಅಂದಿನ ಮಂತ್ರಿಗಳು ಕೇಳಿದರು. ಖಾಸಗಿ ಮಾಲೀಕರ ಮನೆಗಳಲ್ಲಿರುವ ಬಡವರಿಗೆ 2008ರಿಂದಲೇ ಸಂಸಾರದ ಗಾತ್ರಕ್ಕೆ ತಕ್ಕಷ್ಟು ಸಹಾಯವನ್ನು ಮಾತ್ರ ಗೊತ್ತುಮಾಡಿದ್ದವರು ಲೇಬರ್ ಪಕ್ಷದವರೇ ಎಂಬುದನ್ನೂ ಅವರು ಎತ್ತಿ ತೋರಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯ ನ್ಯಾಯವೇ ಇದು. ತಮ್ಮ ದುಡಿಮೆಯಿಂದ ಬಾಡಿಗೆ ತೆತ್ತು ಇಕ್ಕಟ್ಟಾದ ಮನೆಯಲ್ಲಿರುವ ಗೃಹಸ್ಥರಿಗೆ ಈ ಮಾತು ನ್ಯಾಯವಾಗಿ ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಜನಾಭಿಪ್ರಾಯ ಸಂಗ್ರಹದ ಸಂಸ್ಥೆಗಳವರು ಈ ವಿಷಯವನ್ನು ಮತ್ತೆ ಮತ್ತೆ ಕೇಳಿದ್ದಾರೆ. ಉತ್ತರವು ಪ್ರಶ್ನೆಯ ಬೆನ್ನು ಹಿಡಿದು ಹೋಗಿದೆ. ಅವಶ್ಯಕತೆಗಿಂತ ಹೆಚ್ಚು ಕೋಣೆಗಳನ್ನಿಟ್ಟುಕೊಂಡವರಿಗೆ ಸಾರ್ವಜನಿಕರ ಹಣದಿಂದ ಕೊಡುವ ಸಹಾಯವನ್ನು ಕಡಮೆ ಮಾಡುವುದು ನ್ಯಾಯವೇ ಎಂದು ತತ್ತ್ವರೂಪವಾಗಿ ಕೇಳಿದಲ್ಲಿ ನ್ಯಾಯವೆಂದವರು ಬಹುಮಂದಿ. ಚಿಕ್ಕ ಮನೆಯು ದೊರೆಯದಿರುವವರಿಗೂ, ಅಂಗವೈಕಲ್ಯದಿಂದ ಪ್ರತ್ಯೇಕ ಕೋಣೆ ಬೇಕಾದವರಿಗೂ ಕಡಿತ ಮಾಡಬಹುದೇ ಎಂದು ಕೇಳಿದಲ್ಲಿ ಆ ಒಪ್ಪಿಗೆ ಕುಗ್ಗುತ್ತದೆ. ಸರ್ಕಾರದವರು ಮೊದಲನೆಯ ಉತ್ತರವನ್ನು ತಮ್ಮ ಸನ್ನದೆಂದು ಎತ್ತಿಹಿಡಿದರು. ವಿರೋಧಿಗಳು ಎರಡನೆಯದನ್ನು ಎತ್ತಿಹಿಡಿದರು. ಜನರು ಚಂಚಲರೆಂದು ಹಳಿಯುವುದು ಸುಲಭ. ನಮ್ಮ ಎಣಿಕೆಯಲ್ಲಿ ಜನರು ಎರಡು ಸಲವೂ ಸರಿಯಾಗಿಯೇ ಉತ್ತರಿಸಿದ್ದಾರೆ. ತತ್ತ್ವವನ್ನು ಕೇಳಿದಾಗ ತತ್ತ್ವವನ್ನು ಹೇಳಿದರು. ಮನುಷ್ಯನನ್ನು ತೋರಿಸಿದಾಗ ಮನುಷ್ಯನನ್ನು ಕಂಡರು. ತಪ್ಪಿರುವುದು ಅರ್ಧ ಪ್ರಶ್ನೆಗೆ ಬಂದ ಉತ್ತರವನ್ನು ಪೂರ್ಣ ಸಮ್ಮತಿಯೆಂದು ಎಣಿಸಿದವರಲ್ಲಿ.

ಹಾಗಾದರೆ ಮಿಕ್ಕ ಅರ್ಧ ಪ್ರಶ್ನೆ ಯಾವುದು? ದೊಡ್ಡ ಮನೆಯನ್ನು ಬಿಟ್ಟು ಹೊರಡುವ ಬಾಡಿಗೆದಾರನು ಯಾವ ಮನೆಗೆ ಹೋಗತಕ್ಕದ್ದು ಎಂಬುದು. ಮೊದಲನೆಯ ಮಹಾಯುದ್ಧವು ಮುಗಿದ ಬಳಿಕ 1919ರ ವಸತಿ ಶಾಸನದಿಂದ ಮೊದಲುಗೊಂಡು ಅಲ್ಲಿನ ಪೌರಾಡಳಿತ ಸಂಸ್ಥೆಗಳು ಮನೆಗಳನ್ನು ಕಟ್ಟಿದ್ದು ಬಹುಮಟ್ಟಿಗೆ ಮಕ್ಕಳೊಂದಿಗರಾದ ಸಂಸಾರಗಳಿಗಾಗಿ. ಎರಡು ಮೂರು ಮಲಗುವ ಕೋಣೆಗಳ ಮನೆಗಳೇ ಸಾಮಾನ್ಯವಾದುವು. 1980ರ ಶಾಸನದಿಂದ ವಾಸವಿರುವವರೇ ಮನೆಯನ್ನು ಕೊಂಡುಕೊಳ್ಳುವ ಹಕ್ಕು ಬಂದ ಮೇಲೆ ಲಕ್ಷಗಟ್ಟಲೆ ಮನೆಗಳು ಸಂಸ್ಥೆಗಳ ಕೈಬಿಟ್ಟುವು. ಹೋದಷ್ಟು ಮನೆಗಳನ್ನು ಮರಳಿ ಕಟ್ಟಲಿಲ್ಲ. ಒಂದು ಕೋಣೆಯ ಮನೆಗಳು ಅನೇಕ ಊರುಗಳಲ್ಲಿ, ವಿಶೇಷವಾಗಿ ಉತ್ತರ ಇಂಗ್ಲೆಂಡಿನಲ್ಲಿ, ಬೇಕಾದಷ್ಟು ಇರಲೇ ಇಲ್ಲ. ಮನೆಯನ್ನು ಆರಿಸಿ ಕೊಟ್ಟವರು ಸಂಸ್ಥೆಯವರು. ಬೇರೆ ಮನೆಯನ್ನು ಕಟ್ಟದೆ ಬಿಟ್ಟವರು ಆಳುವವರು. ದಂಡ ತೆರುವವನು ಮಾತ್ರ ಬಾಡಿಗೆದಾರನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವನು ಹಾಸಿಗೆಯನ್ನು ತಾನೇ ಅಳೆದು ಕೊಟ್ಟವನಾಗಿದ್ದರೆ, ಗಾದೆಯು ಅವನಿಗೇ ತಿರುಗುವುದಿಲ್ಲವೇ?

ಇದರ ಫಲವೇನಾಯಿತೆಂಬುದನ್ನು ಸರ್ಕಾರದವರೇ ಮಾಡಿಸಿದ ಪರಿಶೀಲನೆಯಿಂದ ತಿಳಿಯಬಹುದಾಗಿದೆ. ಜಾರಿಗೆ ಬಂದ ಮೊದಲ ಆರು ತಿಂಗಳಲ್ಲಿ, ಕಡಿತಕ್ಕೆ ಒಳಗಾದವರ ಪೈಕಿ ಇದೇ ಬಗೆಯ ಚಿಕ್ಕ ಮನೆಗೆ ಹೋದವರು ನೂರಕ್ಕೆ 5ಕ್ಕಿಂತ ಕಡಮೆಯೆಂದು 2014ರ ವರದಿಯು ಹೇಳಿತು. ಬಾಡಿಗೆ ಬಾಕಿಯು ಬೆಳೆಯಿತು. 2015ರ ಅಂತಿಮ ವರದಿಯಲ್ಲಿ, ವಿಚಾರಿಸಲ್ಪಟ್ಟವರ ಪೈಕಿ ಸುಮಾರು ಮುಕ್ಕಾಲು ಪಾಲು ಮಂದಿ ಊಟದ ಖರ್ಚನ್ನೇ ಕಡಮೆ ಮಾಡಿಕೊಂಡೆವೆಂದು ಹೇಳಿರುವರು. ಕೋಣೆಗಳನ್ನು ಬಿಡಿಸುವುದೇ ಉದ್ದೇಶವಾಗಿದ್ದರೆ ಬಿಟ್ಟವರು ಕೆಲವರೇ. ಉಣ್ಣುವುದನ್ನು ಬಿಟ್ಟವರು ಬಹುಮಂದಿ. ಉಳಿತಾಯವೆಂದು ಬೊಕ್ಕಸದ ಪುಸ್ತಕದಲ್ಲಿ ಬರೆದುಕೊಂಡ ಹಣವು ಬಡವರ ಅಡಿಗೆಮನೆಯಿಂದ ಬಂದದ್ದೆಂಬುದನ್ನು ಮರೆಯಲಾಗದು.

ಇದರಲ್ಲಿ ಇನ್ನೊಂದು ವಿಪರ್ಯಾಸವೂ ಉಂಟು. ಮಕ್ಕಳು ಬೆಳೆದು ಹೊರಟುಹೋದ ಮೇಲೆ ದೊಡ್ಡ ಮನೆಯಲ್ಲಿ ಉಳಿದುಕೊಂಡಿರುವ ವೃದ್ಧರನ್ನು ಈ ನಿಬಂಧನೆಯು ಮುಟ್ಟುವುದಿಲ್ಲ. ಪಿಂಚಣಿಯ ವಯಸ್ಸಿನವರಿಗೆ ವಿನಾಯಿತಿಯಿದೆ. ವೃದ್ಧರನ್ನು ಪೀಡಿಸಬಾರದೆಂಬುದು ನಮಗೂ ಸಮ್ಮತವೇ. ಆದರೆ ಬರಿದಾದ ಕೋಣೆಗಳನ್ನು ತುಂಬಿಸುವುದೇ ನಿಜವಾದ ಗುರಿಯಾಗಿದ್ದರೆ, ಅಂಥ ಕೋಣೆಗಳು ಧಾರಾಳವಾಗಿರುವ ಕಡೆಯನ್ನೇ ಬಿಟ್ಟು, ಅಂಗವಿಕಲರೂ ನಿರುದ್ಯೋಗಿಗಳೂ ಅಲ್ಪ ಸಂಬಳದವರೂ ಇರುವ ಕಡೆಗೇ ಕತ್ತರಿಯನ್ನು ತಿರುಗಿಸಿದ್ದೇಕೆ? ತಪ್ಪದೆ ಮತ ಹಾಕುವವರನ್ನು ಬಿಟ್ಟು, ಮತದ ಬಲವು ಅಲ್ಪವಾದವರನ್ನು ಹಿಡಿದರೆಂದು ಯಾರಾದರೂ ಹೇಳಿದರೆ ಅದಕ್ಕೆ ತೃಪ್ತಿಕರವಾದ ಉತ್ತರ ದೊರೆಯುವುದು ಕಷ್ಟ.

ಒಬ್ಬೊಬ್ಬರ ಕಷ್ಟವೂ ಬೆಳಕಿಗೆ ಬಂದ ಹಾಗೆಲ್ಲ ಸರ್ಕಾರವು ಹಿಂದೆಗೆದದ್ದೂ ಈ ಕಥೆಯ ಒಂದು ಭಾಗ. ಜಾರಿಗೆ ಬರುವ ಮುನ್ನವೇ, 2013ರ ಮಾರ್ಚಿಯಲ್ಲಿ, ಪರರ ಮಕ್ಕಳನ್ನು ಪೋಷಕರಾಗಿ ಸಾಕುವವರಿಗೂ ಸೈನ್ಯದಲ್ಲಿರುವ ಮಕ್ಕಳ ತಂದೆತಾಯಿಗಳಿಗೂ ರಿಯಾಯಿತಿ ಕೊಡಬೇಕಾಯಿತು. 2016ರ ನವೆಂಬರಿನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಹೆಂಡತಿಯ ಅಂಗವೈಕಲ್ಯದ ಕಾರಣ ಒಂದೇ ಕೋಣೆಯಲ್ಲಿ ಮಲಗಲಾರದ ದಂಪತಿಗಳ ಪಕ್ಷದಲ್ಲಿಯೂ, ರಾತ್ರಿಯೆಲ್ಲ ಪರಿಚಾರಕರು ಬೇಕಾದ ಅಂಗವಿಕಲ ಮೊಮ್ಮಗನನ್ನು ಸಾಕುತ್ತಿದ್ದ ಅಜ್ಜ ಅಜ್ಜಿಯರ ಪಕ್ಷದಲ್ಲಿಯೂ ತೀರ್ಪು ಕೊಟ್ಟಿತು. ಮರುವರ್ಷ ನಿಯಮ ತಿದ್ದುಪಡಿಯಾಯಿತು. ಹಿಂಸೆಗೆ ಹೆದರಿ ಮನೆಯಲ್ಲಿಯೇ ಭದ್ರವಾದ ಕೋಣೆಯನ್ನು ಮಾಡಿಸಿಕೊಂಡಿದ್ದ ಹೆಂಗಸೊಬ್ಬಳಿಗೆ ಆ ನ್ಯಾಯಾಲಯದಲ್ಲಿ ಪರಿಹಾರ ಸಿಕ್ಕಲಿಲ್ಲ; 2019ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಅವಳಿಗೆ ಅನ್ಯಾಯವಾಗಿದೆಯೆಂದು ನಿರ್ಣಯಿಸಿತು. ಅಂಥವರಿಗೆ ವಿನಾಯಿತಿ ದೊರೆತದ್ದು 2021ರಲ್ಲಿ. ಕಣ್ಣಿಗೆ ಬಿದ್ದ ಪ್ರತಿಯೊಬ್ಬರನ್ನೂ ಬಿಡುಗಡೆ ಮಾಡಬೇಕಾಗಿ ಬರುವ ನಿಯಮವು ಕಣ್ಣಿಗೆ ಬೀಳದವರ ಮೇಲೆ ಮಾತ್ರ ನ್ಯಾಯವಾಗಿರುವುದೆಂದು ನಂಬುವುದು ಹೇಗೆ? ನ್ಯಾಯಾಲಯದ ಮೆಟ್ಟಲು ಹತ್ತುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಪಾರ್ಲಿಮೆಂಟಿನಲ್ಲಿಯೂ ಪೂರ್ಣ ಪ್ರಶ್ನೆಯು ಒಮ್ಮೆ ಎದುರಾಯಿತು. ತಕ್ಕ ಚಿಕ್ಕ ಮನೆಯನ್ನು ಒದಗಿಸದೆ ಬಾಡಿಗೆದಾರನ ಸಹಾಯಧನವನ್ನು ಕಡಿಯಕೂಡದು, ಅಂಗವಿಕಲರಿಗೆ ಅವಶ್ಯಕವಾದ ಕೋಣೆಯನ್ನು ಹೆಚ್ಚಿನದೆಂದು ಎಣಿಸಕೂಡದು ಎಂಬ ಅಭಿಪ್ರಾಯದ ಮಸೂದೆಯೊಂದನ್ನು ಲಿಬರಲ್ ಡೆಮೋಕ್ರಾಟ್ ಪಕ್ಷದ ಸದಸ್ಯರಾದ ಆಂಡ್ರೂ ಜಾರ್ಜ್ ಅವರು ತಂದರು. 2014ರ ಸೆಪ್ಟೆಂಬರ್ 5ರಂದು ಅದರ ಎರಡನೆಯ ವಾಚನಕ್ಕೆ ಪರವಾಗಿ 306 ಮತಗಳೂ ವಿರೋಧವಾಗಿ 231 ಮತಗಳೂ ಬಿದ್ದುವು. ಅದು ಶಾಸನವಾಗಲಿಲ್ಲ, ಹಣಕಾಸಿನ ಗೊತ್ತುವಳಿ ದೊರೆಯದೆ ಸಮಿತಿಯ ಮೆಟ್ಟಲಿನಲ್ಲಿಯೇ ನಿಂತಿತು. ಸ್ಕಾಟ್ಲೆಂಡಿನ ಸರ್ಕಾರದವರು ತಮ್ಮ ಬೊಕ್ಕಸದಿಂದ ಹಣ ಕೊಟ್ಟು ಅಲ್ಲಿನ ಬಾಡಿಗೆದಾರರಿಗೆ ಕಡಿತವು ತಟ್ಟದಂತೆ ಮಾಡಿದರು. ರದ್ದುಮಾಡುವೆವೆಂದು 2013ರಲ್ಲಿ ವಚನವಿತ್ತ ಲೇಬರ್ ಪಕ್ಷದವರು 2024ರ ಜುಲೈಯಲ್ಲಿ ಅಧಿಕಾರಕ್ಕೆ ಬಂದರು. ಅವರ ಆಡಳಿತದ ಮೊದಲ ವರ್ಷವು ಕಳೆದರೂ ಇಂಗ್ಲೆಂಡಿನಲ್ಲಿ ಆ ರದ್ದಿಯಾತಿ ಬರಲಿಲ್ಲ. ವಿರೋಧಪಕ್ಷದ ಪೀಠದಿಂದ ಕಾಣುವ ಅನ್ಯಾಯವು ಮಂತ್ರಿಪೀಠದಿಂದ ಕಾಣದೆ ಹೋಗುವುದು ಯಾವ ಒಂದು ದೇಶದ ವಿಶೇಷವೂ ಅಲ್ಲ.

ದೂರದ ದೇಶದ ಬಾಡಿಗೆಯ ಮಾತು ನಮಗೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಸಹಾಯ ಪಡೆಯುವವರ ಪಟ್ಟಿಯಿಂದ ಹೆಸರುಗಳನ್ನು ಹೊಡೆದುಹಾಕುವ ಪ್ರಸಂಗವು ಎಲ್ಲ ಸರ್ಕಾರಗಳಿಗೂ ಬರುತ್ತದೆ. ಆಗ 'ಜನರ ಬೆಂಬಲವಿದೆ' ಎಂಬ ಮಾತೂ ತಪ್ಪದೆ ಬರುತ್ತದೆ. ಅಂಥ ಪಟ್ಟಿಗಳಿಗೆ ರುಜು ಹಾಕುವ ಅಧಿಕಾರಿಗಳು ನಮ್ಮ ವಾಚಕರಲ್ಲಿಯೂ ಇದ್ದಾರೆ. ಯಾವ ಪ್ರಶ್ನೆಗೆ ಜನರು ಬೆಂಬಲವಿತ್ತರು, ಆ ಪ್ರಶ್ನೆಯಲ್ಲಿ ಯಾವುದನ್ನು ಬಿಟ್ಟಿತ್ತು ಎಂದು ಅವರು ಮೊದಲು ವಿಚಾರಿಸಲಿ ಎಂಬುದು ನಮ್ಮ ವಿಜ್ಞಾಪನೆ.

ಮನೆಗಳ ಸದುಪಯೋಗವಾಗಬೇಕೆಂಬುದು ನಿರ್ವಿವಾದ. ಚಿಕ್ಕ ಮನೆಗಳನ್ನು ಮೊದಲು ಕಟ್ಟಲಿ. ನೆರೆಹೊರೆಯನ್ನೂ ಮಕ್ಕಳ ಪಾಠಶಾಲೆಯನ್ನೂ ಬಿಟ್ಟುಹೋಗದಂತೆ ಸಮೀಪದಲ್ಲಿಯೇ ಕೊಡಲಿ. ಸಾಗುವ ಖರ್ಚನ್ನು ಒದಗಿಸಲಿ. ಅದಾದ ಮೇಲೆ ನಿಷ್ಕಾರಣವಾಗಿ ಒಲ್ಲೆನೆಂದವನ ಸಹಾಯವನ್ನು ಕಡಮೆ ಮಾಡಿದರೆ ಆಕ್ಷೇಪಿಸುವವರು ವಿರಳ, ನಾವೂ ಆಕ್ಷೇಪಿಸೆವು. ಹೋಗಲು ಮನೆಯೇ ಇಲ್ಲದವನನ್ನು ಹೋಗಲಿಲ್ಲವೆಂದು ದಂಡಿಸುವುದಕ್ಕೆ ಎಷ್ಟು ಮಂದಿ ತಲೆದೂಗಿದರೂ ಅದು ನ್ಯಾಯವಾಗಲಾರದು. ಈ ನಿಬಂಧನೆಯನ್ನು ಇಟ್ಟುಕೊಂಡಿರುವವರು ತಮ್ಮ ಜನರ ಮುಂದೆ ಪೂರ್ಣ ಪ್ರಶ್ನೆಯನ್ನು ಇಟ್ಟು ಕೇಳಲಿ. ಬರುವ ಉತ್ತರವು ಏನೆಂಬುದರಲ್ಲಿ ನಮಗೆ ಸಂದೇಹವಿಲ್ಲ.