ಟೋಪಿ ಪಾಕ್ ಇದೆ, ಶುಚಿಯಾಗಿದೆಯೇ?

ವಾರಕ್ಕೊಮ್ಮೆ ಮನೆಯ ಬಟ್ಟೆಯೆಲ್ಲ ಬಕೆಟ್ಟಿಗೆ ಬೀಳುತ್ತದೆ. ಅಂಗಿ, ಪೈಜಾಮ, ದುಪಟ್ಟಾ, ದಿಂಬಿನ ಕವರು, ಕೊನೆಗೆ ಬಾಗಿಲ ಮುಂದಿನ ಕಾಲೊರಸು ಕೂಡ. ಬೀಳದೆ ಉಳಿಯುವುದು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುವ ಟೋಪಿ. ಅದನ್ನು ನಾವು ಬಟ್ಟೆಯ ಲೆಕ್ಕಕ್ಕೇ ಸೇರಿಸಿಲ್ಲ. ಅಝಾನ್ ಕೇಳಿದೊಡನೆ ತಲೆಗೇರುತ್ತದೆ, ನಮಾಝ್ ಮುಗಿದೊಡನೆ ಮೊಳೆಗೋ ಜೇಬಿಗೋ ಹೋಗುತ್ತದೆ. ರಮಝಾನ್ ಬಂದಾಗ ಹೊಸದೊಂದು ಬರುತ್ತದೆ. ಹಳೆಯದು ಏನಾಯಿತೆಂದು ಯಾರೂ ಕೇಳುವುದಿಲ್ಲ.

ಕೆಸರೆಯಲ್ಲಿ ನಾನು ಮಕ್ಕಳಿಗೆ ಕುರ್‌ಆನ್ ಓದಿಸುತ್ತೇನೆ. ಸಣ್ಣ ಕೋಣೆ, ಇಪ್ಪತ್ತು ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಕಳೆದ ಮಳೆಗಾಲದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಮೂರು ದಿನ ಬರಲಿಲ್ಲ. ಜ್ವರವೇನೋ ಎಂದುಕೊಂಡು ಮನೆಗೆ ಹೋಗಿ ವಿಚಾರಿಸಿದೆ. ಜ್ವರ ಇರಲಿಲ್ಲ. ಪಕ್ಕದಲ್ಲಿ ಕೂರುವವನು "ನಿನ್ನ ಟೋಪಿ ನಾತ" ಎಂದು ಮೂಗು ಮುಚ್ಚಿಕೊಂಡು ದೂರ ಸರಿದಿದ್ದನಂತೆ. ಹುಡುಗ ಟೋಪಿಯನ್ನು ಪುಸ್ತಕದ ಚೀಲದ ತಳದಲ್ಲಿ ತುರುಕಿಟ್ಟು, ಓದಲು ಹೋಗುವುದೇ ಇಲ್ಲವೆಂದು ಹಟ ಹಿಡಿದಿದ್ದ. ತಾಯಿ ಬೆಳಿಗ್ಗೆಯಿಂದ ಊದುಬತ್ತಿ ಹೊಸೆದು ಕೈಯೆಲ್ಲ ಕಪ್ಪಾಗಿ ಕುಳಿತಿದ್ದರು. "ಬೆವರು ತಾನೇ ಆಪಾ, ಪಾಕ್ ಇದೆಯಲ್ಲ, ನಮಾಝ್ ಆಗುತ್ತದಲ್ಲ" ಎಂದರು.

ಆಕೆಯ ಮಾತು ಸರಿ. ಫಿಕ್ಹ್‌ನ ಪ್ರಕಾರ ಮನುಷ್ಯನ ಬೆವರು ನಜಸ್ ಅಲ್ಲ. ಬೆವರಿನಿಂದ ಹಳದಿಯಾದ ಟೋಪಿ ಧರಿಸಿ ನಮಾಝ್ ಮಾಡಿದರೆ ನಮಾಝ್ ಆಗುತ್ತದೆ, ಮರಳಿ ಮಾಡಬೇಕಾಗಿಲ್ಲ. ಆದರೆ ನಮ್ಮ ಹನಫಿ ಉಲಮಾಗಳು ಇನ್ನೊಂದು ಮಾತನ್ನೂ ಬರೆದಿದ್ದಾರೆ. ಹಿರಿಯರ ಎದುರು, ನಾಲ್ಕು ಜನ ಸೇರಿದ ಕಡೆ ಹಾಕಿಕೊಂಡು ಹೋಗಲು ನಾಚುವಂಥ ಬಟ್ಟೆಯಲ್ಲಿ ನಮಾಝ್ ಮಾಡುವುದು ಮಕ್ರೂಹ್. ಮದುವೆಗೆ ಹೋಗುವಾಗ ಗಂಡಸರು ಆ ಮೊಳೆಯ ಟೋಪಿಯನ್ನು ಮುಟ್ಟುತ್ತಾರೆಯೇ? ಪಾಕ್ ಬೇರೆ, ಸಾಫ್ ಬೇರೆ. ಬೇರೆ ಬಟ್ಟೆಗಳಲ್ಲಿ ಇವೆರಡೂ ಹೇಗೋ ಜೊತೆಯಾಗಿ ಆಗಿಬಿಡುತ್ತವೆ. ಟೋಪಿಯಲ್ಲಿ ಮಾತ್ರ ಮೊದಲನೆಯದರ ನೆಪದಲ್ಲಿ ಎರಡನೆಯದು ತಪ್ಪಿಹೋಗುತ್ತದೆ.

ಜುಮುಅದ ಸ್ನಾನದ ಹಿನ್ನೆಲೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಹ. ಆಯಿಶಾ(ರ)ರವರ ವರದಿ ಬುಖಾರಿಯಲ್ಲಿದೆ. ಮದೀನಾದ ಹೊರವಲಯದಿಂದ ಜನರು ಧೂಳು, ಬೆವರು ಸಮೇತ ಜುಮುಅಕ್ಕೆ ಬರುತ್ತಿದ್ದರು. ಅಂಥ ಒಬ್ಬರು ಹತ್ತಿರ ಬಂದಾಗ, ಈ ದಿನಕ್ಕಾಗಿ ಶುಚಿಯಾಗಿ ಬಂದರೆ ಚೆನ್ನಾಗಿತ್ತು ಎಂಬರ್ಥದ ಮಾತನ್ನು ಪ್ರವಾದಿ(ಸ)ರವರು ಹೇಳಿದರು. ಆ ಬೆವರೂ ಪಾಕ್ ಆಗಿತ್ತು. ದುಡಿದು ಬಂದ ಬೆವರು, ಗೌರವದ ಬೆವರು. ಆದರೂ ಪಕ್ಕದಲ್ಲಿ ನಿಂತವನಿಗೆ ತೊಂದರೆಯಾಗಬಾರದೆಂಬ ಕಾಳಜಿ ಅಲ್ಲಿತ್ತು. ನಮ್ಮ ಬಡಾವಣೆಯ ಹುಡುಗರೂ ಗ್ಯಾರೇಜಿನಿಂದ, ವೆಲ್ಡಿಂಗ್ ಅಂಗಡಿಯಿಂದ, ಆಟೋ ಸ್ಟ್ಯಾಂಡಿನಿಂದ ನೇರವಾಗಿ ಸಫ್‌ಗೆ ಬಂದು ನಿಲ್ಲುವವರೇ.

ಇನ್ನೊಂದು ಹದೀಸ್ ಅಬೂದಾವೂದ್‌ನಲ್ಲಿದೆ, ವರದಿ ಮಾಡಿದವರು ಹ. ಜಾಬಿರ್(ರ). ಕೊಳಕು ಬಟ್ಟೆಯ ಒಬ್ಬ ವ್ಯಕ್ತಿಯನ್ನು ಕಂಡು, ಬಟ್ಟೆ ತೊಳೆಯಲು ಇವನಿಗೆ ಏನೂ ಸಿಗಲಿಲ್ಲವೇ ಎಂದು ಪ್ರವಾದಿ(ಸ)ರವರು ಕೇಳಿದರು. ಗಮನಿಸಿ ಸಹೋದರಿಯರೇ, ಹೊಸ ಬಟ್ಟೆ ಸಿಗಲಿಲ್ಲವೇ ಎಂದು ಅವರು ಕೇಳಲಿಲ್ಲ. ಬಡತನದ ಮನೆಯಲ್ಲೂ ನೀರು ಇರುತ್ತದೆ.

ಈಗ ಟೋಪಿಯ ವಿಷಯಕ್ಕೆ ಬರೋಣ. ಟೋಪಿ ಯಾಕೆ ಅಷ್ಟು ಬೇಗ ಹಳದಿಯಾಗುತ್ತದೆ? ಬೆವರೆಂದರೆ ಬಹುಪಾಲು ನೀರು ಮತ್ತು ಉಪ್ಪು. ಅದಕ್ಕೆ ನೆತ್ತಿಯ ಜಿಡ್ಡು ಸೇರುತ್ತದೆ, ಅದರ ಮೇಲೆ ನಾವು ಹಚ್ಚುವ ಕೊಬ್ಬರಿ ಎಣ್ಣೆ. ಎಣ್ಣೆ ಗಾಳಿಗೆ ಹಳತಾಗುತ್ತ ಹಳದಿಯಾಗಿ ಅಂಟಾಗುತ್ತದೆ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಕಾರಣ ವುಝೂ. ತಲೆಗೆ ಮಸಹ್ ಮಾಡಿದ ಒದ್ದೆ ಕೂದಲ ಮೇಲೆಯೇ ಟೋಪಿ ಕೂರುತ್ತದೆ, ಒದ್ದೆಯಾಗಿಯೇ ಮಡಚಿ ಜೇಬಿಗೆ ಹೋಗುತ್ತದೆ. ಜೂನ್, ಜುಲೈ ತಿಂಗಳಲ್ಲಿ ಮೈಸೂರಿನ ತೇವದ ಗಾಳಿಗೆ ಅದು ಜೇಬಿನೊಳಗೆ ಒಣಗುವುದೆಲ್ಲಿ? ನಾತ ಬರುವುದು ಅಲ್ಲಿಂದ, ಕಪ್ಪು ಬೂಷ್ಟಿನ ಚುಕ್ಕೆ ಬರುವುದೂ ಅಲ್ಲಿಂದಲೇ. ಮನೆಗೆ ಬಂದೊಡನೆ ಟೋಪಿಯನ್ನು ಒಳಮೈ ಹೊರಗೆ ಮಾಡಿ ಗಾಳಿಯಾಡುವ ಕಡೆ ತೂಗಿಬಿಟ್ಟರೆ ಅರ್ಧ ಕೆಲಸ ತೊಳೆಯದೆಯೇ ಆಯಿತು.

ಕೊಳೆಯೆಲ್ಲ ಇರುವುದು ಹಣೆಗೂ ಕಿವಿಯ ಮೇಲ್ಭಾಗಕ್ಕೂ ತಾಗುವ ಒಳಪಟ್ಟಿಯಲ್ಲಿ. ಟೋಪಿಯನ್ನು ಹಾಗೇ ಬಟ್ಟೆ ರಾಶಿಯೊಂದಿಗೆ ನೆನೆಸಿದರೆ ಮೇಲ್ಭಾಗ ಬೆಳ್ಳಗಾಗುತ್ತದೆ, ಪಟ್ಟಿ ಹಳದಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಮೊದಲು ಒಣಗಿರುವಾಗಲೇ ಚೆನ್ನಾಗಿ ಕೊಡವಿ. ಊದುಬತ್ತಿ ಹೊಸೆಯುವ ಮನೆಗಳಲ್ಲಿ ಇದು ಮುಖ್ಯ, ಇದ್ದಿಲ ಹುಡಿಗೆ ನೀರು ಬಿದ್ದರೆ ಅದು ನೂಲಿನೊಳಗೆ ಇಳಿದುಬಿಡುತ್ತದೆ. ಆಮೇಲೆ ಪಟ್ಟಿಯನ್ನು ಮಾತ್ರ ಒದ್ದೆ ಮಾಡಿ, ಪಾತ್ರೆ ತೊಳೆಯುವ ದ್ರವವನ್ನೋ ಶಾಂಪೂವನ್ನೋ ಕೆಲವು ಹನಿ ಹಚ್ಚಿ ಹದಿನೈದು ನಿಮಿಷ ಬಿಡಿ. ಎರಡೂ ಜಿಡ್ಡು ಬಿಡಿಸಲೆಂದೇ ಮಾಡಿದವು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ಸೋಪುಪುಡಿ ಹಾಕಿ ಇಡೀ ಟೋಪಿಯನ್ನು ಅದ್ದಿ ತೊಳೆಯಿರಿ. ಬೋರ್‌ವೆಲ್ ನೀರಿನ ಮನೆಯವರು ಬಾರ್ ಸೋಪನ್ನು ನೆಚ್ಚಬೇಡಿ. ಗಡಸು ನೀರಿನಲ್ಲಿ ಅದು ನೊರೆ ಬರದೆ ಬೂದು ಬಣ್ಣದ ಕಿಟ್ಟವಾಗಿ ಬಟ್ಟೆಗೇ ಅಂಟುತ್ತದೆ. ಸೋಪುಪುಡಿ ವಾಸಿ.

ಬ್ಲೀಚಿಂಗ್ ಹಾಕಿದರೆ ಹೇಗೆ ಎಂದು ಹಲವರು ಕೇಳುತ್ತಾರೆ. ಬೇಡ. ಬೆವರಿನ ಕಲೆಯನ್ನು ಅದು ಕೆಲವೊಮ್ಮೆ ಇನ್ನಷ್ಟು ಹಳದಿ ಮಾಡುತ್ತದೆ, ಇಲಾಸ್ಟಿಕ್ ಸಡಿಲವಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೊಂದಿದೆ. ಕಲೆ ಹೋಗಲಿಲ್ಲವೆಂದು ಅದರ ಮೇಲೆ ನಿಂಬೆರಸವನ್ನೋ ವಿನೆಗರನ್ನೋ ಸುರಿದರೆ ವಿಷಗಾಳಿ ಏಳುತ್ತದೆ. ಕಿಟಕಿಯಿಲ್ಲದ ನಮ್ಮ ಬಚ್ಚಲುಗಳಲ್ಲಿ ಅದು ಆಟವಲ್ಲ. ಹಳೆಯ ಹಳದಿ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ ಒಂದು ಗಂಟೆ ಬಿಟ್ಟು ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮುಂದಿನ ವಾರ ಮತ್ತೊಮ್ಮೆ.

ತೊಳೆದ ಮೇಲೆ ಹಿಂಡಬಾರದು. ಒಣ ಟವೆಲಿನ ನಡುವೆ ಇಟ್ಟು ಅಂಗೈಯಿಂದ ಒತ್ತಿ, ತಲೆಯ ಅಳತೆಯ ಬಟ್ಟಲನ್ನೋ ಡಬ್ಬಿಯನ್ನೋ ಬೋರಲು ಹಾಕಿ ಅದರ ಮೇಲೆ ಕೂರಿಸಿ ನೆರಳಿನಲ್ಲಿ ಒಣಗಿಸಿ. ಕ್ಲಿಪ್ ಹಾಕಿ ಹಗ್ಗಕ್ಕೆ ನೇತುಹಾಕಿದ ಟೋಪಿಗೆ ಎರಡು ಕಿವಿ ಮೂಡುತ್ತವೆ. ಮಕ್ಕಳು ಅದನ್ನು ಹಾಕಿಕೊಂಡು ಬಂದಾಗ ತರಗತಿಯಲ್ಲಿ ನಗು ತಡೆಯುವುದು ನನಗೇ ಕಷ್ಟ. ಬಿಳಿ ಹತ್ತಿಯ ಟೋಪಿಗೆ ತೆಳು ಅನ್ನದ ಗಂಜಿ ಕೊಟ್ಟರೆ ನೆಟ್ಟಗೆ ನಿಲ್ಲುತ್ತದೆ. ಗಲ್ಫ್‌ನಿಂದ ತರುವ ಒಮಾನಿ ಕುಮ್ಮಾಕ್ಕೂ ಇದೇ ಉಪಚಾರ. ಆ ಕಸೂತಿಯ ನಡುವಿನ ಸಣ್ಣ ಸಣ್ಣ ತೂತುಗಳು ಗಾಳಿಯಾಡಲೆಂದು ಇರುವುದು, ಗಂಜಿ ದಪ್ಪವಾದರೆ ಅವು ಮುಚ್ಚಿಹೋಗುತ್ತವೆ. ಮೆಷಿನ್ನಿಗೆ ಹಾಕಲೇಬೇಕೆಂದರೆ ಹೆಣೆದ ಜಾಲರಿ ಟೋಪಿಯನ್ನು ಮಾತ್ರ, ಅದೂ ದಿಂಬಿನ ಕವರಿನೊಳಗಿಟ್ಟು ಬಾಯಿ ಕಟ್ಟಿ. ಮಖಮಲ್, ಜರಿ ಟೋಪಿಗಳಿಗೆ ನೀರು ತೋರಿಸಬೇಡಿ, ಮೃದುವಾದ ಬ್ರಷ್ ಸಾಕು. ಅತ್ತರನ್ನು ಜರಿಯ ಮೇಲೆ ಹಚ್ಚಿದರೆ ಜರಿ ಕಪ್ಪಾಗುತ್ತದೆ.

ಈಗಿನ ಹುಡುಗರ ಇನ್ನೊಂದು ಟೋಪಿ ಇದೆ, ಮುಂದೆ ಚಾಚು ಇರುವ ಕ್ಯಾಪ್. ಅಂಗಡಿಯವರು ಕೆಲವನ್ನು ಗಾಲ್ಫ್ ಕ್ಯಾಪ್ ಎಂದೂ ಮಾರುತ್ತಾರೆ. ಗಾಲ್ಫ್ ಆಡುವವರು ಇರುವುದು ಊರಿನ ಆ ತುದಿಯ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ, ಕ್ಯಾಪ್ ಇರುವುದು ಕೆಸರೆಯ ಪ್ರತಿ ಸ್ಕೂಟರಿನ ಕನ್ನಡಿಯ ಮೇಲೆ! ಬಿಸಿಲಲ್ಲಿ ದುಡಿಯುವವರಿಗೆ ಅದು ಒಳ್ಳೆಯದೇ, ಬೇಡವೆನ್ನಲಾರೆ. ನಮಾಝಿನಲ್ಲಿ ಚಾಚು ಅಡ್ಡ ಬಂದರೆ ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗುವುದಿಲ್ಲ, ಅದಕ್ಕೇ ಹಿಂದುಮುಂದಾಗಿ ತಿರುಗಿಸಿಕೊಳ್ಳುತ್ತಾರೆ. ತಿರುಗಿಸಿದಾಗ ಕಾಣುವ ಒಳಪಟ್ಟಿಯ ಸ್ಥಿತಿಯನ್ನು ಹಿಂದಿನ ಸಫ್‌ನವರನ್ನು ಕೇಳಬೇಕು.

ಈ ಕ್ಯಾಪನ್ನು ತೊಳೆಯುವ ಮೊದಲು ಚಾಚನ್ನು ಬೆರಳಿನಿಂದ ತಟ್ಟಿ ನೋಡಿ. ಈಗಿನವುಗಳಲ್ಲಿ ಹೆಚ್ಚಾಗಿ ಒಳಗೆ ಪ್ಲಾಸ್ಟಿಕ್ ಇರುತ್ತದೆ, ನೀರಿಗೆ ಹೆದರಬೇಕಾಗಿಲ್ಲ. ಹಳೆಯ ಅಥವಾ ಅಗ್ಗದ ಕ್ಯಾಪಿನಲ್ಲಿ ರಟ್ಟು ಇರಬಹುದು, ತಟ್ಟಿದರೆ ಮಂದವಾದ ಸದ್ದು ಬರುತ್ತದೆ. ರಟ್ಟಿನದನ್ನು ನೆನೆಸಿದರೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಮತ್ತೆ ಸರಿಯಾಗದು. ಅದಕ್ಕೆ ಒದ್ದೆ ಬಟ್ಟೆಯಿಂದ ಒರೆಸುವುದೊಂದೇ ದಾರಿ. ಪ್ಲಾಸ್ಟಿಕ್ ಇರುವುದನ್ನೂ ಬಿಸಿನೀರಿನಲ್ಲಿ ಹಾಕಬೇಡಿ, ಚಾಚು ಸೊಟ್ಟಗಾಗುತ್ತದೆ. ಕಪ್ಪು, ನೀಲಿ ಕ್ಯಾಪಿನ ಮೇಲೆ ಕಾಣುವ ಬಿಳಿ ಗೆರೆ ಬೆವರಿನ ಉಪ್ಪು. ತಣ್ಣೀರಿನ ಬಟ್ಟೆಯಿಂದ ಎರಡು ಸಲ ಒತ್ತಿದರೆ ಹೋಗುತ್ತದೆ.

ಅಕಸ್ಮಾತ್ ಮಗುವಿನ ಮೂತ್ರವೋ ಬೇರೆ ನಜಾಸತ್ತೋ ತಾಗಿದರೆ ಮಾತ್ರ ಪಾಕ್ ಮಾಡುವ ಕ್ರಮ ಬೇಕಾಗುತ್ತದೆ. ಕಣ್ಣಿಗೆ ಕಾಣದ ನಜಾಸತ್ತಾದರೆ ಮೂರು ಸಲ ತೊಳೆದು ಪ್ರತಿ ಸಲವೂ ಹಿಂಡಬೇಕೆಂದು ನಮಗೆ ಗೊತ್ತು. ಹಿಂಡಲಾಗದ ಗಟ್ಟಿ ಟೋಪಿಯನ್ನು ಏನು ಮಾಡುವುದು? ಒಮ್ಮೆ ತೊಳೆದು ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಡಿ. ಹೀಗೆ ಮೂರು ಸಲ. ಪಾಕ್ ಆಯಿತು.

ಮಸೀದಿಯ ಬಾಗಿಲಲ್ಲಿ ಬುಟ್ಟಿ ತುಂಬ ಇಟ್ಟಿರುವ ಸಾರ್ವಜನಿಕ ಟೋಪಿಗಳ ಬಗ್ಗೆಯೂ ಹೇಳಬೇಕು. ಅವುಗಳನ್ನು ಧರಿಸಿ ಯಾರೂ ಹೊರಗೆ ಹೋಗುವುದಿಲ್ಲವಾದ್ದರಿಂದ ಅವುಗಳಲ್ಲಿ ನಮಾಝ್ ಮಾಡುವುದನ್ನೂ ಅನೇಕ ಮುಫ್ತಿಗಳು ಮಕ್ರೂಹ್ ಎಂದಿದ್ದಾರೆ. ತಾಯಂದಿರಿಗೆ ಅದರಲ್ಲಿ ಆರೋಗ್ಯದ ಪ್ರಶ್ನೆಯೂ ಇದೆ. ಹೇನು ಹೆಚ್ಚಾಗಿ ಹರಡುವುದು ತಲೆಗೆ ತಲೆ ತಾಗಿ. ಟೋಪಿಗೆ ಬಿದ್ದ ಹೇನು ಎರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹುಳುಕಡ್ಡಿ ಹಾಗಲ್ಲ. ಅದು ಶಿಲೀಂಧ್ರದ ರೋಗ, ಅದರ ಕಣಗಳು ಟೋಪಿ, ಬಾಚಣಿಗೆಗಳಲ್ಲಿ ಬಹುಕಾಲ ಉಳಿಯುತ್ತವೆ. ಮಗುವಿನ ತಲೆಯಲ್ಲಿ ರೂಪಾಯಿ ಅಗಲಕ್ಕೆ ಕೂದಲು ಉದುರಿ ಹೊಟ್ಟು ಎದ್ದರೆ ಮುಲಾಮು ಹಚ್ಚುತ್ತ ಕೂರಬೇಡಿ. ತಲೆಯ ಹುಳುಕಡ್ಡಿಗೆ ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯೇ ಬೇಕು, ವೈದ್ಯರಿಗೆ ತೋರಿಸಿ. ಆ ದಿನಗಳಲ್ಲಿ ಅವನ ಹತ್ತಿ ಟೋಪಿಯನ್ನು ಕೈ ಇಡಲಾಗದಷ್ಟು ಬಿಸಿಯಾದ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಅಣ್ಣನ ಟೋಪಿಯನ್ನು ತಮ್ಮ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಕೆಲವು ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಅಜ್ಜನ ಕೆಂಪು ರೂಮಿ ಟೋಪಿ ಇರುತ್ತದೆ, ಕಪ್ಪು ಕುಚ್ಚಿನದು. 1829ರಲ್ಲಿ ಸುಲ್ತಾನ್ ಎರಡನೆಯ ಮಹ್ಮೂದ್ ತನ್ನ ಅಧಿಕಾರಿಗಳಿಗೆ ಕಡ್ಡಾಯ ಮಾಡಿದ ಈ ಟೋಪಿಯನ್ನು 1925ರಲ್ಲಿ ತುರ್ಕಿಯೇ ಕಾನೂನು ಮಾಡಿ ತಲೆಯಿಂದ ಇಳಿಸಿತು. ಅಲೀಗಢದ ವಿದ್ಯಾರ್ಥಿಗಳ ಹಳೆಯ ಫೋಟೋಗಳಲ್ಲಿ ಸಾಲು ಸಾಲಾಗಿ ಇದೇ ಕಾಣುತ್ತದೆ. ಇದನ್ನು ಪ್ರೀತಿಯಿಂದ ತೊಳೆಯಲು ಹೋಗಿ ಕೆಡಿಸಿದವರಿದ್ದಾರೆ. ಅದು ನೇಯ್ದ ಬಟ್ಟೆಯಲ್ಲ, ಒತ್ತಿ ಗಟ್ಟಿ ಮಾಡಿದ ಉಣ್ಣೆ. ಬಿಸಿನೀರು, ಉಜ್ಜುವಿಕೆ ಸೇರಿದರೆ ಕುಗ್ಗುತ್ತದೆ, ಬಣ್ಣವೂ ಬಿಡುತ್ತದೆ. ಇಸ್ತಾಂಬುಲ್, ಕೈರೋ ನಗರಗಳಲ್ಲಿ ಅದನ್ನು ಹಿತ್ತಾಳೆಯ ಬಿಸಿ ಅಚ್ಚಿನ ಮೇಲೆ ಕೂರಿಸಿ ಆಕಾರ ಕೊಡಲೆಂದೇ ಅಂಗಡಿಗಳಿದ್ದವು. ನಮ್ಮಿಂದಾಗುವುದು ಇಷ್ಟೇ: ಒಣ ಬ್ರಷ್ ಆಡಿಸಿ, ಒಳಗೆ ಕಾಗದದ ಉಂಡೆ ತುಂಬಿ, ಬಿಳಿ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ, ನುಸಿ ಬಾರದಂತೆ ಒಣಗಿದ ಬೇವಿನೆಲೆ ಜೊತೆಗಿಡುವುದು. ಕುರಿಮರಿಯ ಚರ್ಮದ ಕರಾಕುಲ್ ಟೋಪಿಗೂ ಹೀಗೆಯೇ.

ಇಷ್ಟೆಲ್ಲ ಹೇಳಿದ ಮೇಲೆ ಈ ಕೆಲಸವೂ ನಮ್ಮ ತಲೆಗೇ ಬಂತಲ್ಲ ಎಂದು ನೀವು ಗೊಣಗುವುದು ನನಗೆ ಕೇಳಿಸುತ್ತಿದೆ. ಬೀಡಿ, ಊದುಬತ್ತಿ, ಅಡುಗೆ, ಮಕ್ಕಳ ಶಾಲೆ, ಇದರ ನಡುವೆ ಗಂಡಸರ ಟೋಪಿಯೂ ಬೇಕೇ? ಬೇಡ. ಪ್ರವಾದಿ(ಸ)ರವರು ಮನೆಯಲ್ಲಿ ತಮ್ಮ ಬಟ್ಟೆಗೆ ತಾವೇ ಹೊಲಿಗೆ ಹಾಕಿಕೊಳ್ಳುತ್ತಿದ್ದರು, ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಎಂಟು ವರ್ಷದ ಹುಡುಗನಿಗೆ ತನ್ನ ಅಂಗೈಯಗಲದ ಟೋಪಿಯನ್ನು ತೊಳೆಯಲು ಬರುವುದಿಲ್ಲವೇ? ಮಗಳಿಗೆ ಆ ವಯಸ್ಸಿಗೆ ಪಾತ್ರೆ ತೊಳೆಯಲು ಹೇಳುತ್ತೇವಲ್ಲ!

ನಮ್ಮಲ್ಲಿ ಈಗ ಗುರುವಾರದ ಮನೆಪಾಠ ಇದೇ. ಹುಡುಗರು ಅಸರ್ ನಂತರ ತಮ್ಮ ಟೋಪಿಯನ್ನು ತಾವೇ ತೊಳೆಯಬೇಕು, ಜುಮುಅದ ಹೊತ್ತಿಗೆ ಒಣಗಿರುತ್ತದೆ, ಶನಿವಾರ ನನಗೆ ಒಳಪಟ್ಟಿ ತೋರಿಸಬೇಕು. ಮೊದಲ ವಾರ ಒಬ್ಬ ಅಣ್ಣನ ಹೊಸ ಜೀನ್ಸ್ ಜೊತೆ ನೆನೆಸಿ, ಆಕಾಶ ಬಣ್ಣದ ಟೋಪಿ ಹಾಕಿಕೊಂಡು ಬಂದ. ಉಳಿದವರೆಲ್ಲ ನಕ್ಕರು. ನೀಲಿ ಟೋಪಿಯಲ್ಲೂ ನಮಾಝ್ ಆಗುತ್ತದೆ ಎಂದು ಹೇಳಿ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿ ನೆನೆಸಬೇಕೆಂದು ಇಪ್ಪತ್ತು ಹುಡುಗರಿಗೆ ಅಂದೇ ತಿಳಿಯಿತು.