ನೆಚ್ಚಿಕೆ ತಪ್ಪಿದ ವಾಹನ

ಕಾಲು ನೆಟ್ಟಗಿರುವಾಗ ಕಾಲೆಂಬುದೊಂದು ಉಂಟೆಂದು ಯಾರೂ ನೆನೆಯುವುದಿಲ್ಲ. ಮುಳ್ಳು ಮುರಿದ ದಿನದಿಂದ ಹೆಜ್ಜೆಹೆಜ್ಜೆಗೂ ಅದರದೇ ಧ್ಯಾನ. ವಾಹನದ ಮೇಲಣ ನಂಬಿಕೆಯೂ ಇಂಥದೇ. ಇರುವವರೆಗೆ ಅದನ್ನು ನಂಬಿಕೆಯೆಂದು ಯಾರೂ ಕರೆಯುವುದಿಲ್ಲ. ಹೋದ ಮೇಲೆಯೇ ಹೋದುದು ಏನೆಂದು ತಿಳಿಯುವುದು. ಪದೇ ಪದೇ ದಾರಿಯಲ್ಲಿ ನಿಂತುಬಿಡುವ ಮೋಟಾರು ಸೈಕಲ್ಲಿನ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಇದು ತರುಣರ ಷೋಕಿಯ ಮಾತೆಂದು ಗೃಹಸ್ಥರು ಪುಟ ತಿರುವದಿರಲಿ. ಹಿಂದಿನ ಆಸನದಲ್ಲಿ ಕುಳಿತುಕೊಳ್ಳತಕ್ಕವರು ನಮ್ಮ ಮನೆಯ ಹೆಂಗಸರು, ಮಕ್ಕಳು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳೂ ೨೦೨೧ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿದುವು. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲುಹಳಿಯು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಮುಟ್ಟುವುದು. ಕೂಡ್ಲಿಗಿಗೂ ಹಡಗಲಿಗೂ ಹಳಿಯಿಲ್ಲ. ಬಸ್ಸುಗಳುಂಟು, ಆದರೆ ಅವುಗಳ ಹೊತ್ತಿಗೆ ನಮ್ಮ ಹೊತ್ತನ್ನು ಹೊಂದಿಸಿಕೊಳ್ಳಬೇಕು. ಆದುದರಿಂದ ಮೈಲಾರದ ಕಾರಣಿಕಕ್ಕೆ ಹೊರಡುವವನಿಗೂ, ಉಚ್ಚಂಗಿದುರ್ಗಕ್ಕೆ ಹರಕೆ ಹೊತ್ತವನಿಗೂ, ಬಾಗಳಿಯ ಕಲ್ಲೇಶ್ವರನ ಗುಡಿಯನ್ನೋ ಅಂಕಸಮುದ್ರದ ಹಕ್ಕಿಗಳನ್ನೋ ನೋಡಬಯಸುವವನಿಗೂ ಮೋಟಾರು ಸೈಕಲ್ಲೇ ಗತಿ. ದಾರಿಯಲ್ಲಿ ನೆರಳು ಕಡಿಮೆ, ಮನೆಗಳು ವಿರಳ. ಇಂಥ ಸೀಮೆಯಲ್ಲಿ ಯಂತ್ರವು ಕೈಕೊಟ್ಟರೆ ಅದು ಹಾಸ್ಯದ ವಿಷಯವಲ್ಲ.

ನಮ್ಮ ತಂಗಿಯ ಮಗನು ಬೀಜದ ವ್ಯಾಪಾರದ ನಿಮಿತ್ತ ಈ ಐದು ಊರುಗಳನ್ನೂ ಸುತ್ತತಕ್ಕವನು. ದೂರದ ಪ್ರವಾಸಕ್ಕೂ ಆಗಲೆಂದು ದೊಡ್ಡದೊಂದು ಹೊಸ ಮೋಟಾರು ಸೈಕಲ್ಲನ್ನು ಕೊಂಡನು. ಅದರ ಹೆಸರು ಇಲ್ಲಿ ಬೇಡ. ಮೊದಲ ಬೇಸಗೆಯಲ್ಲಿ ಅದು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ನಿಂತಿತು. ಕಾಲು ಗಂಟೆ ಕಳೆದು, ಏನೂ ಆಗಲೇ ಇಲ್ಲವೆಂಬಂತೆ ತಾನಾಗಿ ಹೊರಟಿತು. ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್ಗನ್ನು ಬದಲಿಸಿದರು. ಎರಡು ತಿಂಗಳಿಗೆ ಹಡಗಲಿಯ ದಾರಿಯಲ್ಲಿ ನಿಂತಿತು, ಬ್ಯಾಟರಿಯನ್ನು ಬದಲಿಸಿದರು. ಮೂರನೆಯ ಸಲ ಹರಪನಹಳ್ಳಿಯಿಂದ ಬರುವಾಗ, ಕತ್ತಲಾಗುವ ಹೊತ್ತಿಗೆ ನಿಂತಿತು. ಹಿಂದೆ ಕುಳಿತಿದ್ದವಳು ಏಳು ತಿಂಗಳ ಬಸುರಿಯಾದ ಅವನ ಹೆಂಡತಿ. ಆ ಹಾದಿಯಲ್ಲಿ ಬಂದ ಟ್ರ್ಯಾಕ್ಟರಿನವರು ಅವರನ್ನು ಕೊಟ್ಟೂರು ಮುಟ್ಟಿಸಿದರು. ಈ ಸಲ ಪೆಟ್ರೋಲಿನ ಪಂಪು ಬದಲಾಯಿತು. ಗ್ಯಾರೇಜಿನಲ್ಲಿ ಮಾತ್ರ ಆ ಯಂತ್ರವು ಎಂದೂ ನಿಂತುದಿಲ್ಲ. "ದೋಷವೇನೂ ಕಾಣುವುದಿಲ್ಲ" ಎಂಬುದೇ ಅವರ ಉತ್ತರ.

ಅದಾದ ಮೇಲೆ ಒಂದು ದಿನ ಹುಡುಗನು ನಮ್ಮೊಡನೆ ಹೇಳಿದನು: "ಮಾವ, ಗಾಡಿ ನಿಂತರೆ ತಳ್ಳಿಕೊಂಡು ಬಂದೇನು. ಅದು ಚೆನ್ನಾಗಿ ಓಡುವಾಗಲೇ ನನಗೆ ಕಷ್ಟ. ಕಿವಿಯೆಲ್ಲ ಅದರ ಸದ್ದಿನ ಮೇಲೆ. ಹಡಗಲಿಯ ಮಲ್ಲಿಗೆ ತೋಟಗಳ ಪಕ್ಕದಲ್ಲೇ ಹೋಗಿ ಬಂದರೂ ಹೂ ಬಿಟ್ಟಿತ್ತೋ ಇಲ್ಲವೋ ಹೇಳಲಾರೆ." ಸೊಸೆಯು ಹೆಚ್ಚು ಮಾತನಾಡಲಿಲ್ಲ. "ನಾನು ಇನ್ನು ಬಸ್ಸಿಗೇ ಹೋಗುತ್ತೇನೆ" ಎಂದಷ್ಟೇ ಹೇಳಿದಳು.

ಇಲ್ಲಿ ವಿಚಾರಿಸಬೇಕಾದ ಸಂಗತಿಯೊಂದಿದೆ. ವಾಹನವು ಕೆಟ್ಟುದರಿಂದಲೇ ನಂಬಿಕೆ ಹೋಗುವುದಾದರೆ, ಮೈಸೂರಿನ ಹಳೆಯ ಮೋಟಾರು ಸೈಕಲ್ಲುಗಳನ್ನು ಇಂದು ಯಾರೂ ಏರಬಾರದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನಿಂದ ಬಂಡಿಗಳನ್ನು ತಯಾರಿಸಿ ೧೯೯೬ರಲ್ಲಿ ಮುಚ್ಚಿತು. ಅವು ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರಸಿ ಓಡಿಸುವ ಟೂ-ಸ್ಟ್ರೋಕ್ ಯಂತ್ರಗಳು. ಎಣ್ಣೆ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುವುದು, ಬಂಡಿ ನಿಲ್ಲುವುದು. ಒಡೆಯನು ಇಳಿದು, ಪ್ಲಗ್ಗನ್ನು ಬಿಚ್ಚಿ ಒರೆಸಿ, ಮತ್ತೆ ಹಾಕಿ ಒದೆಯುವನು, ಬಂಡಿ ಹೊರಡುವುದು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ ಅವುಗಳನ್ನು ಪ್ರೀತಿಯಿಂದ ಕಾಪಾಡಿಕೊಂಡವರು ನಾಡಿನಲ್ಲಿ ಅನೇಕರಿದ್ದಾರೆ. ಅವು ಕೆಡುವುದಿಲ್ಲವೆಂದಲ್ಲ, ಏಕೆ ಕೆಡುವುವೆಂದು ಅವರಿಗೆ ಗೊತ್ತು.

ನಮ್ಮ ಕೊಟ್ಟೂರಿನದೇ ಇನ್ನೊಂದು ನಿದರ್ಶನ. ೨೦೧೭ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ರಥವು ಉತ್ಸವದ ಜನಸಂದಣಿಯ ನಡುವೆಯೇ ಉರುಳಿತು, ಹಲವರು ಗಾಯಗೊಂಡರು. ಅಚ್ಚು ಮುರಿಯಿತೆಂದು ಕಾರಣ ತಿಳಿದುಬಂದಿತು. ಆ ಕಾರಣಕ್ಕಾಗಿ ಜನರು ತೇರೆಳೆಯುವುದನ್ನು ಬಿಡಲಿಲ್ಲ. ಕಾರಣವು ಕೈಗೆ ಸಿಕ್ಕ ಕೇಡಿಗೆ ಪರಿಹಾರವುಂಟು. ಕಾರಣವಿಲ್ಲದೆ ಕೆಟ್ಟು, ಕಾರಣವಿಲ್ಲದೆ ಸರಿಹೋಗುವುದನ್ನು ಹೇಗೆ ನಂಬುವುದು? ತಾನಾಗಿ ಹೊರಟ ಯಂತ್ರವು ತಾನಾಗಿ ನಿಲ್ಲಲೂಬಹುದಷ್ಟೆ.

ಈಗಿನ ಯಂತ್ರಗಳಲ್ಲಿ ಈ ತೊಡಕು ಹೆಚ್ಚಿದೆ. ೨೦೨೦ರ ಏಪ್ರಿಲಿನಲ್ಲಿ ಹೊಗೆಯ ಕಟ್ಟುನಿಟ್ಟಾದ ನಿಯಮಗಳು ಜಾರಿಗೆ ಬಂದ ಮೇಲೆ ಹಳೆಯ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಗಿ, ಅದರ ಸ್ಥಾನದಲ್ಲಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಹೊಗೆ ಕಡಿಮೆಯಾದುದು ಒಳ್ಳೆಯದೇ. ಆದರೆ ಸದ್ದನ್ನು ಕೇಳಿಯೇ ರೋಗವನ್ನು ಹೇಳುತ್ತಿದ್ದ ಹಾದಿಬದಿಯ ಮೇಸ್ತ್ರಿಯ ಕಿವಿಗೆ ಈಗ ಅಷ್ಟು ಕೆಲಸವಿಲ್ಲ. ಸ್ಕ್ಯಾನರನ್ನು ಹಚ್ಚಿ ನೋಡಬೇಕು. ಅದೋ, ತನಗೆ ಕಲಿಸಿದ ದೋಷಗಳನ್ನು ಮಾತ್ರ ಹೇಳಬಲ್ಲುದು. ಅದು ಸುಮ್ಮನಿದ್ದರೆ, ಊಹೆಯಿಂದ ಒಂದೊಂದೇ ಭಾಗವನ್ನು ಬದಲಿಸುತ್ತ ಹೋಗುವುದು ಕೆಲವೆಡೆ ರೂಢಿಯಾಗಿದೆ. ಅದು ಚಿಕಿತ್ಸೆ; ನಿದಾನವಲ್ಲ. ರೋಗದ ಕಾರಣವನ್ನರಿಯುವುದಕ್ಕೆ ನಮ್ಮ ವೈದ್ಯರು ನಿದಾನವೆಂದು ಹೆಸರಿಟ್ಟು, ಚಿಕಿತ್ಸೆಗಿಂತ ಮುಂಚೆ ಅದಕ್ಕೆ ಸ್ಥಾನವನ್ನು ಕೊಟ್ಟಿರುವರು.

ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂದು ಎರಡು ಮಾತುಗಳಿವೆ. ಒಂದಿರುವೆಡೆಯಲ್ಲೆಲ್ಲ ಇನ್ನೊಂದಿದ್ದರೆ ಅನ್ವಯ. ಇದಿಲ್ಲದೆಡೆ ಅದೂ ಇಲ್ಲದಿದ್ದರೆ ವ್ಯತಿರೇಕ. ಎರಡೂ ಕೂಡಿದರೆ ಸಂಬಂಧವು ಗಟ್ಟಿ. ಹೊಗೆಗೂ ಬೆಂಕಿಗೂ ಹೇಳುವ ಈ ನ್ಯಾಯವನ್ನು ಮೋಟಾರು ಸೈಕಲ್ಲಿಗೂ ಹೇಳಬಹುದು. ಹುಡುಗನಿಗೆ ಒಂದು ನೋಟುಪುಸ್ತಕವನ್ನು ಕೊಟ್ಟು, ನಿಂತ ಸ್ಥಳ, ಹೊತ್ತು, ಬಿಸಿಲು, ಓಡಿದ ದೂರ, ತೊಟ್ಟಿಯಲ್ಲಿದ್ದ ಪೆಟ್ರೋಲು, ಮತ್ತೆ ಹೊರಡಲು ಹಿಡಿದ ಕಾಲ ಇಷ್ಟನ್ನೂ ಬರೆಯಹೇಳಿದೆವು. ಹಿಂದಿನವನ್ನು ನೆನಪಿನಿಂದ ಬರೆದನು. ಮುಂದೆ ಎರಡು ಸಲ ನಿಂತುದನ್ನು ಅಲ್ಲಲ್ಲಿಯೇ ಬರೆದನು. ಐದು ಸಲವೂ ತೊಟ್ಟಿಯನ್ನು ತುಂಬಿಸಿ, ನಿಲ್ಲಿಸದೆ ದೂರ ಓಡಿಸಿದಾಗಲೇ ಅದು ನಿಂತಿತ್ತು. ಪ್ರತಿ ಸಲವೂ ಮುಚ್ಚಳವನ್ನು ತೆರೆದಾಗ ಸೀಟಿಯಂಥ ಸದ್ದು ಬಂದಿತ್ತು. ಹತ್ತು ಮೈಲಿಗೊಮ್ಮೆ ಮುಚ್ಚಳ ತೆರೆದು ಮುಚ್ಚುತ್ತ ಓಡಿಸಿ ನೋಡಿದನು, ನಿಲ್ಲಲಿಲ್ಲ.

ಬಲ್ಲ ಮೇಸ್ತ್ರಿಯೊಬ್ಬನು ಅದನ್ನೋದಿ ತೊಟ್ಟಿಯನ್ನೆತ್ತಿ ನೋಡಿದನು. ಒಳಕ್ಕೆ ಗಾಳಿಯನ್ನು ಬಿಡುವ ಗೇಣುದ್ದದ ರಬ್ಬರು ಕೊಳವೆಯು ಮಡಿಚಿಕೊಂಡಿತ್ತು. ಪೆಟ್ರೋಲು ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಪೆಟ್ರೋಲನ್ನು ಮೇಲೆಳೆಯುವುದು ಪಂಪಿಗೆ ಕಷ್ಟ. ತೊಟ್ಟಿ ತುಂಬಿರುವಾಗ ಒಳಗಣ ಗಾಳಿಯೇ ಸ್ವಲ್ಪ. ಕೊರತೆಯು ಬೇಗ ತಟ್ಟುವುದು. ನಿಂತ ಮೇಲೆ ಗಾಳಿಯು ಮೆಲ್ಲಗೆ ಒಸರಿ ಒಳಸೇರುವುದು; ಯಂತ್ರವು ತಾನಾಗಿ ಹೊರಡುವುದು. ಪ್ಲಗ್ಗು, ಬ್ಯಾಟರಿ, ಪಂಪು ಇವಕ್ಕೆ ತೆತ್ತ ಹಣದ ಮುಂದೆ ಆ ಕೊಳವೆಯ ಬೆಲೆ ಲೆಕ್ಕಕ್ಕೇ ಬಾರದು.

ಕಾರಣ ಸಿಕ್ಕಿದೊಡನೆ ನಂಬಿಕೆಯು ಮರಳಿತೆಂದು ವಾಚಕರು ತಿಳಿಯಬಾರದು. ಬುದ್ಧಿಯು ಒಪ್ಪಿದರೂ ಕಿವಿ ಒಪ್ಪಲಿಲ್ಲ. ಮೊದಲು ಊರ ಸುತ್ತ, ಆಮೇಲೆ ಕೊಟ್ಟೂರಿಗೆ, ತಿಂಗಳ ಮೇಲೆ ಹಡಗಲಿಗೆ, ಹೀಗೆ ಒಂದೊಂದಾಗಿ ದಾರಿಗಳನ್ನು ಅವನು ಮರಳಿ ಪಡೆದನು. ಸೊಸೆಯು ಕೂಸನ್ನೆತ್ತಿಕೊಂಡು ಈಗಲೂ ಬಸ್ಸಿನಲ್ಲಿಯೇ ತವರಿಗೆ ಹೋಗುವಳು. ಅವಳನ್ನು ನಾವು ತಪ್ಪೆನ್ನುವುದಿಲ್ಲ, ಒತ್ತಾಯಿಸಲೂಬಾರದು. ಯಂತ್ರವನ್ನು ಬಿಚ್ಚಿ ನೋಡಿದವನಿಗೆ ಸಿಕ್ಕ ಸಮಾಧಾನವು ಕತ್ತಲಲ್ಲಿ ದಾರಿ ಬದಿಯಲ್ಲಿ ಕುಳಿತವಳಿಗೆ ಅಷ್ಟು ಸುಲಭವಾಗಿ ಸಿಕ್ಕದು.

ಎಷ್ಟು ಹುಡುಕಿದರೂ ಕಾರಣ ಸಿಕ್ಕದಿದ್ದರೆ? ಪ್ರತಿಯೊಂದು ರಿಪೇರಿಯ ಚೀಟಿಯನ್ನೂ ಜೋಪಾನವಾಗಿಡತಕ್ಕದ್ದು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ದೋಷವುಳ್ಳ ವಸ್ತುವನ್ನು ಕೊಂಡವನು ತಾನು ವಾಸಿಸುವ ಸ್ಥಳಕ್ಕೆ ಸಂಬಂಧಿಸಿದ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ವ್ಯಾಜ್ಯದ ಕಾರಣವು ಹುಟ್ಟಿದ ೨ ವರ್ಷಗಳೊಳಗೆ ಕೊಡಬೇಕು. ಅಲ್ಲಿ ಮಾತಿಗಿಂತ ಚೀಟಿಗೇ ಬೆಲೆ ಹೆಚ್ಚು.

ಮಾರಿಬಿಡೋಣವೆಂದು ತೋರಿದರೆ ಮಾರಬಹುದು. ಆದರೆ ದೋಷವನ್ನು ಹೇಳಿ ಮಾರಬೇಕು, ಆ ನೋಟುಪುಸ್ತಕವನ್ನೂ ಜೊತೆಗೆ ಕೊಡಬೇಕು. ಬೆಲೆಯು ಕೆಲವು ಸಾವಿರ ಇಳಿದೀತು, ಇಳಿಯಲಿ. ಹೇಳದೆ ಮಾರಿದವನು ತನ್ನ ಭಯವನ್ನು ಕಳೆದುಕೊಳ್ಳುವುದಿಲ್ಲ. ಇನ್ನೊಬ್ಬರ ಮನೆಯ ಬಸುರಿಯನ್ನು ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಇಳಿಸಿ ಬರುತ್ತಾನೆ.